ಹಾಲಪ್ಪನವರ ಏಲಕ್ಕಿ ಎಸೆನ್ಸು

ಹಾಲಪ್ಪನವರು ಆ ಬಾಟಲಿಯನ್ನು ಅಂಗಡಿಯಿಂದ ತಂದ ಹಾಗೇ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅದರ ಮೇಲಿನ ಚೀಟಿ ಅಗತ್ಯಕ್ಕಿಂತ ಹೆಚ್ಚು ಪ್ರಾಮಾಣಿಕವಾಗಿತ್ತು. ಇದರಲ್ಲಿ ನಿಕೋಟಿನ್ ಇದೆ, ಇದು ಚಟ ಹಿಡಿಸುತ್ತದೆ, ಹೊಟ್ಟೆಗೆ ಹೋದರೆ ವಿಷ ಎಂದು ದಪ್ಪಕ್ಷರದಲ್ಲಿ ಸಾರುತ್ತಿತ್ತು. ಇಂಥ ಬಾಯಿಬಡುಕ ಚೀಟಿಯನ್ನು ಹೆಂಡತಿ ಓಡಾಡುವ ಮನೆಯಲ್ಲಿ ಇಡುವುದುಂಟೆ? ಅದಕ್ಕೇ ಅವರು ಒಳಗಿನ ದ್ರವವನ್ನು ಖಾಲಿಯಾಗಿದ್ದ ಏಲಕ್ಕಿ ಎಸೆನ್ಸಿನ ಬಾಟಲಿಗೆ ಬಗ್ಗಿಸಿ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಹಿಂದಿನ ಸಾಲಿಗೆ ತಳ್ಳಿಬಿಟ್ಟಿದ್ದರು.

ಜಾಗ ಆರಿಸಿದ್ದರಲ್ಲಿ ಜಾಣತನವಿತ್ತು. ಗ್ಯಾರೇಜಿನಲ್ಲಿಟ್ಟರೆ ಟೆಕ್ಸಸ್ಸಿನ ಬಿಸಿಲಿಗೆ ದ್ರವ ಕಪ್ಪಾಗುತ್ತಿತ್ತು. ಭಾನುಮತಿಯ ಕಪಾಟಿನಲ್ಲೋ ಖಾಲಿ ಬಾಟಲಿಗಳದೇ ಒಂದು ಊರು. ಫ್ರಿಸ್ಕೋಗೆ ಬಂದು ಹದಿನಾರು ವರ್ಷವಾದರೂ ಆಕೆ ಒಂದೇ ಒಂದು ಬಾಟಲಿ ಎಸೆದವಳಲ್ಲ. ಜ್ಯಾಮಿನ ಬಾಟಲಿಯಲ್ಲಿ ಸಾಸಿವೆ, ಕಾಫಿಪುಡಿ ಡಬ್ಬದಲ್ಲಿ ಹುಣಸೆಹಣ್ಣು. ಆ ಮನೆಯಲ್ಲಿ ಯಾವುದನ್ನೂ ಮೂಸಿ ನೋಡದೆ ಬಳಸುವಂತಿರಲಿಲ್ಲ. ಮೂಸಿದರೂ ಭಯವಿರಲಿಲ್ಲ. ಹಾಲಪ್ಪನವರು ಆರಿಸಿಕೊಂಡಿದ್ದು ಮಸಾಲೆ ಚಹಾದ ಪರಿಮಳ. ಮುಚ್ಚಳ ತೆಗೆದರೆ ಏಲಕ್ಕಿಯೇ ಎದ್ದು ಬರುತ್ತಿತ್ತು.

ಒಂದೂವರೆ ವರ್ಷದ ಹಿಂದೆ ಎದೆಗೆ ಸ್ಟೆಂಟ್ ಬಿದ್ದಾಗ ಅವರು ಸಿಗರೇಟು ಬಿಟ್ಟರು. ಸಿಗರೇಟು ಬಿಡುವುದಕ್ಕೆಂದು ಎಲೆಕ್ಟ್ರಾನಿಕ್ ಸಿಗರೇಟು ಹಿಡಿದರು. ಅದನ್ನು ಬಿಡುವುದಕ್ಕೆ ಏನು ಹಿಡಿಯಬೇಕೆಂದು ಯಾರೂ ಹೇಳಿಕೊಡಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಭಾನುಮತಿ ಪೂಜೆಗೆ ಕೂತಾಗ ಇವರು ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಹಿಂದೆ ಕೂರುತ್ತಿದ್ದರು. ಸಿಗರೇಟಿನೊಳಗೆ ಕೂರುವ, ಹೆಬ್ಬೆರಳ ತುದಿಯಷ್ಟಿದ್ದ ಕಾರ್ಟ್ರಿಜ್‌ನ ರಬ್ಬರು ಬಿರಡೆ ಕಿತ್ತು, ಸೂಜಿಯಿಲ್ಲದ ಸಿರಿಂಜಿನಿಂದ ಬಾಟಲಿಯ ದ್ರವವನ್ನು ತೊಟ್ಟು ತೊಟ್ಟಾಗಿ ತುಂಬುತ್ತಿದ್ದರು. ಹರಿಹರದ ಕಡೆಯ ಹಳ್ಳಿಯಲ್ಲಿ ಎಳೆಗರುವಿಗೆ ಬಿದಿರಿನ ಗೊಟ್ಟದಲ್ಲಿ ಔಷಧ ಕುಡಿಸಿ ಬೆಳೆದ ಕೈ ಅದು. ಅವಸರ ಮಾಡಿದರೆ ಕರು ಕೆಮ್ಮುತ್ತದೆ, ಇದು ಜೇಬಿನಲ್ಲಿ ಸೋರುತ್ತದೆ. ವ್ಯತ್ಯಾಸ ಅಷ್ಟೇ.

ಈ ಭಾನುವಾರ ಕಪಾಟಿಗೆ ಕೈ ಹಾಕಿದರೆ ಬಾಟಲಿ ಇರಲಿಲ್ಲ.

ಎರಡು ಸಲ ಕಪಾಟು ತಡಕಿ, ಮೂರನೆಯ ಸಲ ಕುರ್ಚಿ ಹತ್ತಿ ನೋಡಿ, ಕೊನೆಗೆ ಪೂಜೆ ಮುಗಿಸಿ ಬಂದ ಹೆಂಡತಿಯನ್ನು ಅವರು ಕೇಳಲೇಬೇಕಾಯಿತು. "ಭಾನು, ಇಲ್ಲೊಂದು ಏಲಕ್ಕಿ ಎಸೆನ್ಸ್ ಇತ್ತಲ್ಲ?"

"ಅದಾ? ಬೆಳಿಗ್ಗೆ ಚಂದ್ರಕ್ಕ ಬಂದಿದ್ರು, ಕೊಟ್ಟೆ. ಇವತ್ತು ಫಂಕ್ಷನ್ನಿಗೆ ಪಾಯಸ ಅವರದೇ ಅಲ್ವಾ, ಇನ್ನೂರು ಜನಕ್ಕೆ."

"ಪೂರ್ತಿ ಬಾಟ್ಲಿ ಕೊಟ್ಯಾ?"

"ಎಸೆನ್ಸನ್ನ ಅರ್ಧ ಮುರಿದು ಕೊಡೋಕಾಗತ್ತೇನ್ರೀ? ಹೋಗಿ ಸ್ನಾನ ಮಾಡಿ. ಸನ್ಮಾನದ ದಿನಾನೂ ನಿಮಗೆ ಅಡುಗೆಮನೆಯಲ್ಲೇನು ಕೆಲಸ?"

ಹೌದು, ಅಂದು ಅವರಿಗೆ ಸನ್ಮಾನವಿತ್ತು. ಕನ್ನಡ ಬಳಗದ ವಸಂತಕೂಟದಲ್ಲಿ ಮೂವರು 'ಆರೋಗ್ಯ ಸಾಧಕ'ರಿಗೆ ಶಾಲು ಹೊದಿಸುವುದೆಂದು ತೀರ್ಮಾನವಾಗಿತ್ತು. ಒಬ್ಬಾಕೆ ಆಸ್ಟಿನ್ನಿನಲ್ಲಿ ಮ್ಯಾರಥಾನ್ ಓಡಿದ್ದಳು. ಇನ್ನೊಬ್ಬರು ನಲವತ್ತು ಪೌಂಡು ತೂಕ ಇಳಿಸಿದ್ದರು. ಹಾಲಪ್ಪನವರು ಒಂದೂವರೆ ವರ್ಷದಿಂದ ಏನೂ ಸೇದಿಲ್ಲ ಎಂಬ ನಂಬಿಕೆಯ ಮೇಲೆ ಆಯ್ಕೆಯಾಗಿದ್ದರು. ಭಾನುಮತಿ ಈ ಸುದ್ದಿಯನ್ನು ಹ್ಯೂಸ್ಟನ್ ಬಳಿಯ ಮಿಸೌರಿ ಸಿಟಿಯಲ್ಲಿರುವ ತನ್ನ ತಂಗಿಯ ಅತ್ತೆಯವರೆಗೂ ಮುಟ್ಟಿಸಿದ್ದಳು.

ಚಂದ್ರಕ್ಕ ಎನಿಸಿಕೊಂಡ ಚಂದ್ರಪ್ರಭಾಗೆ ಫೋನ್ ಮಾಡಿದರು. ಎತ್ತಲಿಲ್ಲ. ಪಾಯಸ ತಿರುವುವ ಕೈ ಫೋನು ಎತ್ತುವುದಾದರೂ ಹೇಗೆ? ಹೆಂಡತಿಗೆ ನಿಜ ಹೇಳಿಬಿಡುವುದು ಸುಲಭವಾಗಿತ್ತು. ಅದಕ್ಕೇ ಅವರು ಆ ದಾರಿ ಹಿಡಿಯಲಿಲ್ಲ. ಸಭಾಂಗಣ ತಲುಪಿ ಪಾಯಸವನ್ನು ಸದ್ದಿಲ್ಲದೆ ಕೆಡಿಸಿದರೆ ಜನರೂ ಉಳಿಯುತ್ತಾರೆ, ತಮ್ಮ ಮಾನವೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದರು. ಫ್ರಿಸ್ಕೋದಿಂದ ರಿಚರ್ಡ್‌ಸನ್ನಿಗೆ ಅವರು ಓಡಿಸಿದ ವೇಗ ನೋಡಿ ರೇಷ್ಮೆಸೀರೆಯ ಭಾನುಮತಿ ಸೀಟುಬೆಲ್ಟು ಬಿಗಿಯಾಗಿ ಹಿಡಿದಳು. ಶಾಲು ಎಂದರೆ ನಿಮಗೆ ಇಷ್ಟು ಆಸೆ ಇದೆಯೆಂದು ಗೊತ್ತಿರಲಿಲ್ಲ, ಮನೆಯಲ್ಲೇ ನಾಲ್ಕು ಬಿದ್ದಿವೆ, ಹೊದಿಸಬಹುದಿತ್ತು ಎಂದಳು.

ಸಭಾಂಗಣದ ಬಾಗಿಲಲ್ಲೇ ಕಾರ್ಯದರ್ಶಿ ಪ್ರತಾಪ್ ಕಾದಿದ್ದ. ಕೆಲಸವಿಲ್ಲದ ಕಡೆ ಕೆಲಸ ಹುಟ್ಟಿಸುವುದರಲ್ಲಿ ಇಡೀ ಡಲ್ಲಾಸ್‌ಗೆ ಹೆಸರಾದವನು. ಹಾಲಪ್ಪನವರು ಅಡುಗೆಮನೆಯ ಕಡೆ ತಿರುಗುವಷ್ಟರಲ್ಲಿ ಅವರ ತಲೆಯ ಮೇಲೆ ಮೈಸೂರು ಪೇಟ ಕೂತಿತ್ತು. ಅಳತೆ ದೊಡ್ಡದು, ಹುಬ್ಬಿನವರೆಗೂ ಇಳಿಯುತ್ತಿತ್ತು. ಹರಕೆಯ ಟಗರಿನಂತೆ ಅಲಂಕೃತರಾದ ಅವರು ಪ್ರತಾಪನ ಕಿವಿಯಲ್ಲಿ ಪಿಸುಗುಟ್ಟಿದರು, "ಪಾಯಸದಲ್ಲಿ ಹಲ್ಲಿ ಬಿದ್ದಂಗಿದೆ ಕಣಪ್ಪ. ಯಾರಿಗೂ ಬಡಿಸೋದು ಬೇಡ."

"ಸರ್, ಇದು ಟೆಕ್ಸಸ್. ಇಲ್ಲಿ ಹಲ್ಲಿಗಳು ಹೊರಗಡೆ ಇರ್ತವೆ, ಒಳಗಡೆ ನಾವಿರೋದು."

ಆದರೂ ಗಂಭೀರ ದೂರೊಂದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಜಾಯಮಾನ ಪ್ರತಾಪನದಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ ಎಂಟು ಜನರೆದುರು ಚಂದ್ರಪ್ರಭಾಗೆ ಹೇಳಿದ. ನಲವತ್ತು ವರ್ಷ ಈ ದೇಶದಲ್ಲಿ ಕನ್ನಡಿಗರಿಗೆ ಪಾಯಸ ಬಡಿಸಿದ ಆಕೆ ಸೌಟು ಕೆಳಗಿಟ್ಟರು. ಊಟ ಕಾರ್ಯಕ್ರಮದ ನಂತರ ಎಂದಿತ್ತು. ಈಗ ಆಕೆ ಪಾಯಸದ ಡಬರಿಯನ್ನು ಇಬ್ಬರ ಕೈಲಿ ಹೊರಿಸಿ ಸಭಾಂಗಣದ ನಡುವೆ ಇಡಿಸಿದರು. ಹಲ್ಲಿ ಇದ್ದರೆ ಎಲ್ಲರೂ ನೋಡಲಿ, ಇಲ್ಲದಿದ್ದರೆ ಈಗಲೇ ತಿನ್ನಲಿ, ಮೊದಲು ಮಕ್ಕಳು ಬರಲಿ ಎಂದರು. ಹೀಗೆ ಇನ್ನೊಂದು ಗಂಟೆಯ ಮೇಲೆ ಬರಬೇಕಿದ್ದ ಆಪತ್ತನ್ನು ಹಾಲಪ್ಪನವರು ತಾವೇ ಮುಂದಕ್ಕೆ ಎಳೆದುಕೊಂಡರು.

ಅಷ್ಟರಲ್ಲಿ ಅವರನ್ನು ವೇದಿಕೆಗೆ ಹತ್ತಿಸಿಯಾಗಿತ್ತು. ಮುಖ್ಯ ಅತಿಥಿ ಚಂದ್ರಪ್ರಭಾರ ಪತಿ, ನಿವೃತ್ತ ಹೃದಯತಜ್ಞ ಡಾಕ್ಟರ್ ಸೂರ್ಯನಾರಾಯಣ. ಹೊಗೆ ಯಾವ ವೇಷದಲ್ಲಿ ಬಂದರೂ ಹೊಗೆಯೇ, ಹೊಸ ಯಂತ್ರದ ಹೊಗೆಯೆಂದು ಯಮ ರಿಯಾಯಿತಿ ಕೊಡುವುದಿಲ್ಲ ಎಂದು ನಾಲ್ಕು ಮಾತಾಡಿ, ಹಾಲಪ್ಪನವರ ಕಡೆ ಕೈ ತೋರಿಸಿ, ಇಂಥವರು ಮನೆಗೊಬ್ಬರಿರಬೇಕು ಎಂದರು. ಭಾನುಮತಿ ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡಳು. ಪೇಟದ ಅಂಚಿನ ಕೆಳಗಿಂದ ಹಾಲಪ್ಪನವರು ನೋಡಿದರು. ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಕಾಗದದ ಬಟ್ಟಲು ಚಾಚಿದ್ದಳು. ಸೌಟು ಅದರ ಮೇಲೆ ಬಾಗಿತ್ತು.

ಅವರು ಡಾಕ್ಟರ ಕೈಯಿಂದ ಮೈಕು ಕಸಿದುಕೊಂಡರು.

"ಯಾರೂ ಪಾಯಸ ತಿನ್ಬೇಡಿ. ಆ ಮಗು ಕೈಯಿಂದ ಬಟ್ಟಲು ತಗೊಳ್ಳಿ. ಹಲ್ಲಿ ಏನಿಲ್ಲ. ಏಲಕ್ಕಿ ಅಂತ ಹಾಕಿರೋದು ನನ್ನ ನಿಕೋಟಿನ್ನು. ಭಾನು ತಪ್ಪಿಲ್ಲ, ನಾನೇ ಆ ಬಾಟ್ಲಿಗೆ ತುಂಬಿಟ್ಟಿದ್ದೆ. ನಾನು ಬಿಟ್ಟಿಲ್ಲ. ಒಂದು ದಿನಾನೂ ಬಿಟ್ಟಿಲ್ಲ."

ಬಂದವರಲ್ಲಿ ಅರ್ಧಕ್ಕರ್ಧ ಎಂಜಿನಿಯರುಗಳಾದ್ದರಿಂದ, ಎಷ್ಟು ಲೀಟರಿಗೆ ಎಷ್ಟು ಎಂಎಲ್ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಭಾನುಮತಿ ಕಣ್ಣೊರೆಸಿದ ಕರವಸ್ತ್ರವನ್ನು ನಿಧಾನವಾಗಿ ಮಡಿಸುತ್ತಿದ್ದಳು.

ಕೊನೆಗೆ ಮಾತಾಡಿದವರು ಚಂದ್ರಪ್ರಭಾ. "ಭಾನು ಕೊಟ್ಟ ಎಸೆನ್ಸಾ? ಅದನ್ನ ಯಾರು ಹಾಕ್ತಾರೆ. ನಾನು ಯಾವತ್ತೂ ಏಲಕ್ಕಿ ಕುಟ್ಟೇ ಹಾಕೋದು. ಅವಳೇ ಬಲವಂತ ಮಾಡಿ ಕೈಗಿಟ್ಟಳು, ಬೇಡ ಅಂದ್ರೆ ಬೇಜಾರ್ ಮಾಡ್ಕೋತಾಳೆ ಅಂತ ಇಸ್ಕೊಂಡೆ."

ಪುಟ್ಟ ಹುಡುಗಿ ಬಟ್ಟಲು ವಾಪಸು ಕಸಿದುಕೊಂಡು ತಿನ್ನಲಾರಂಭಿಸಿದಳು. ಗಂಡ ಸುಳ್ಳು ಹೇಳಿದ್ದು, ತಾನು ಕೊಟ್ಟ ಎಸೆನ್ಸನ್ನು ಚಂದ್ರಕ್ಕ ಹಾಕದೇ ಇದ್ದದ್ದು, ಈ ಎರಡರಲ್ಲಿ ಯಾವುದು ಭಾನುಮತಿಯನ್ನು ಹೆಚ್ಚು ನೋಯಿಸಿತೆಂದು ಅವಳ ಮುಖ ನೋಡಿ ಹೇಳುವಂತಿರಲಿಲ್ಲ. ಪ್ರತಾಪ್ ಬಂದು, ಬೇಜಾರು ಮಾಡಿಕೊಳ್ಳಬೇಡಿ ಸರ್ ಎಂದು ವಿನಯದಿಂದ ಪೇಟ ತೆಗೆದುಕೊಂಡ. ಶಾಲನ್ನೂ ಮಡಿಸಿಕೊಂಡ.

ಡಾಕ್ಟರು ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಬಾಟಲಿ ಎಲ್ಲೂ ಹೋಗಿಲ್ಲ, ವಾಸನೆ ನೋಡಿ ಅನುಮಾನ ಬಂದು ನಾನೇ ಎತ್ತಿಟ್ಟಿದ್ದೇನೆ ಎಂದು ಮೈಕಿನಲ್ಲಿ ಹೇಳಿದಾಗ ಚಪ್ಪಾಳೆ ಬಿತ್ತು. ಇವರನ್ನು ಹೀಗಳೆಯಬೇಡಿ, ಇದು ಕಾಯಿಲೆ, ಮನೆಯಲ್ಲಿರುವ ಸಾಮಾನನ್ನೆಲ್ಲ ಇವತ್ತು ಐದು ಗಂಟೆಗೆ ನನ್ನ ಮನೆಗೆ ತಂದೊಪ್ಪಿಸಲಿ, ಮುಂದಿನದು ನನ್ನ ಜವಾಬ್ದಾರಿ ಎಂದರು. ಭಾನುಮತಿ ಎದ್ದು ಕೈಮುಗಿದಳು. ಮನೆಗೆ ವಾಪಸಾಗುವ ದಾರಿಯುದ್ದಕ್ಕೂ ಅವಳು ಗಂಡನೊಂದಿಗೆ ಆಡಿದ ಮಾತು ಒಂದೇ. ಎಡಕ್ಕೆ ತಿರುಗಿ ಎಂದು. ಅದೂ ಫೋನಿನ ನಕ್ಷೆ ಹೇಳಿದ ಮೇಲೆ.

ಐದಕ್ಕೆ ಸರಿಯಾಗಿ ಸಿರಿಂಜು, ಕಾರ್ಟ್ರಿಜ್, ಚಾರ್ಜರು ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಹಾಲಪ್ಪನವರು ಹೆಂಡತಿಯೊಂದಿಗೆ ಡಾಕ್ಟರ ಮನೆಗೆ ಹೋದರು. ಹೆಂಗಸರು ಕೆಳಗೆ ಕೂತರು. ಡಾಕ್ಟರು ಇವರನ್ನು ಮಹಡಿಯ ಓದುವ ಕೋಣೆಗೆ ಕರೆದೊಯ್ದು ಬಾಗಿಲಿಗೆ ಚಿಲಕ ಹಾಕಿದರು. ಕಿಟಕಿ ತೆರೆದರು. ದಪ್ಪ ವೈದ್ಯಕೀಯ ಪುಸ್ತಕಗಳ ಹಿಂದೆ ಕೈಹಾಕಿ ಮೊದಲು ಏಲಕ್ಕಿ ಬಾಟಲಿ, ಆಮೇಲೆ ಬೆಳ್ಳಿ ಬಣ್ಣದ ಸಣ್ಣದೊಂದು ಯಂತ್ರ ತೆಗೆದು ಮೇಜಿನ ಮೇಲಿಟ್ಟರು.

"ಮಂಗಳವಾರದಿಂದ ಖಾಲಿ. ನನಗೆ ಕೈ ನಡುಗತ್ತೆ ಹಾಲಪ್ಪ, ಅರ್ಧ ಮೇಜಿನ ಮೇಲೇ ಹೋಗತ್ತೆ. ಚಂದ್ರಾನ ಕೇಳೋಕಾಗಲ್ಲ. ನೀವು ತುಂಬಿ."

ಹಾಲಪ್ಪನವರು ಬಾಗಿಲ ಕಡೆ ನೋಡಿದರು. ಹೊರಗೆ ಹೋಗಿ ಹೇಳಿದರೆ ನಂಬುವವರಾರು? ಅಂದು ಮಧ್ಯಾಹ್ನವಷ್ಟೇ ಇನ್ನೂರು ಜನರೆದುರು ತಾವು ಸುಳ್ಳುಗಾರರೆಂದು ತಾವೇ ಸಾಬೀತು ಮಾಡಿದ್ದರು. ಆದರೆ ಮನಸ್ಸಿನ ಮೂಲೆಯಲ್ಲಿ ಸಣ್ಣ ಸಂತೋಷವೂ ಹುಟ್ಟಿತು. ಜೊತೆಗೊಬ್ಬರು ಸಿಕ್ಕರು. ವಾರಕ್ಕೊಮ್ಮೆ ಈ ಕಿಟಕಿಯ ಬಳಿ ಇಬ್ಬರೂ ಕೂತರೆ ಬದುಕು ಅಷ್ಟೇನೂ ಕೆಟ್ಟದ್ದಲ್ಲ. ಅವರು ಬಿರಡೆ ಕಿತ್ತು ತೊಟ್ಟು ಚೆಲ್ಲದಂತೆ ತುಂಬಿಕೊಟ್ಟರು.

ಡಾಕ್ಟರು ಕಣ್ಣು ಮುಚ್ಚಿ ಒಂದು ದಮ್ಮು ಎಳೆದರು. ಇನ್ನೊಂದು ಎಳೆದರು. ಹಾಲಪ್ಪನವರು ಮೆಲ್ಲಗೆ ಕೈ ಚಾಚಿದರು.

ಡಾಕ್ಟರು ಕಣ್ಣು ತೆರೆದು ಆ ಕೈಯನ್ನು ನೋಡಿದರು. ಹಿಡಿದು ನಾಡಿಯನ್ನೂ ನೋಡಿದರು. "ನಿಮಗಾ? ಸ್ಟೆಂಟ್ ಹಾಕಿಸ್ಕೊಂಡೋರು ನೀವು. ಡಾಕ್ಟರಾಗಿ ನಾನು ಅದಕ್ಕೆ ಹೇಗೆ ಒಪ್ಪಲಿ?" ಎಂದು ಎರಡನೆಯ ಖಾಲಿ ಕಾರ್ಟ್ರಿಜನ್ನು ಇವರ ಮುಂದೆ ಸರಿಸಿದರು.

ಕೆಳಗಿನಿಂದ ಭಾನುಮತಿಯ ಆತಂಕದ ದನಿ ಬಂತು. ಹೇಗಿದ್ದಾರೆ, ದಾರಿಗೆ ಬರುತ್ತಾರಾ ಎಂದು ಕೇಳುತ್ತಿದ್ದಳು.

ಡಾಕ್ಟರು ಕಿಟಕಿಯಾಚೆ ಹೊಗೆ ಬಿಟ್ಟು, ಬಾಗಿಲ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. "ತುಂಬಾ ಸಹಕರಿಸ್ತಿದ್ದಾರಮ್ಮಾ. ಪ್ರತಿ ಭಾನುವಾರ ಕಳಿಸಿ, ಒಂದು ವಾರಾನೂ ತಪ್ಪಿಸ್ಬೇಡಿ."