ತೃಣಧನ್ವಂತರಿಗೆ ಅರಿಶಿನ ಹಚ್ಚಿದ ದಿನ

“ಜಲಜಕ್ಕ, ಒಂದು ಲೋಟ ಕಾಫಿ ತಗೊಂಡು ಬಂದು ಇಲ್ಲಿ ಕೂತ್ಕೊಳ್ಳಿ. ಕಾಫಿ ಮುಗಿಯೋದ್ರೊಳಗೆ ನಿಮ್ಮ ಹುಲ್ಲು ಎದ್ದು ನಿಲ್ಲಲಿಲ್ಲ ಅಂದ್ರೆ ನನ್ನ ಹೆಸರು ಸಿದ್ದರಾಜುನೇ ಅಲ್ಲ!”

ಪಕ್ಕದ ಮನೆ ಸಿದ್ದರಾಜು ಇದೇ ಮಾತನ್ನು ಬಟ್ಟೆ ಮಡಚುವ ಯಂತ್ರ ಮಾಡಿದಾಗಲೂ ಹೇಳಿದ್ದ. ಒಳಗೆ ಹೋದ ನನ್ನ ರೇಷ್ಮೆ ಸೀರೆ ಹೊರಗೆ ಬರುವಾಗ ಒಂದು ರಾಶಿ ಕರವಸ್ತ್ರವಾಗಿತ್ತು. ಅವನ ಹೆಸರು ಮಾತ್ರ ಇನ್ನೂ ಸಿದ್ದರಾಜುವೇ! ಪಾಲಿಟೆಕ್ನಿಕ್‌ನಿಂದ ನಿವೃತ್ತನಾದ ಮೇಲೆ ಅವನಿಗೆ ಮಾಡಲು ಬೇರೆ ಕೆಲಸವಿಲ್ಲ, ಅನುಭವಿಸಲು ನನ್ನನ್ನು ಬಿಟ್ಟರೆ ಬೇರೆ ನೆರೆಯವರಿಲ್ಲ.

ಈ ಸಲ ಮಾತ್ರ ನಾನೇ ಕರೆದಿದ್ದೆ. ಗೌರಿಹಬ್ಬ ಕಳೆದದ್ದೇ ತಡ, ನನ್ನ ಅಂಗಳದ ಹುಲ್ಲಿಗೆ ಗೊಣ್ಣೆಹುಳು ಬಿದ್ದಿತ್ತು. ಮಣ್ಣೊಳಗೆ ಕೂತು ಬೇರನ್ನೆಲ್ಲ ತಿಂದು, ಹಸಿರು ಅಂಗಳವನ್ನು ಅಲ್ಲಲ್ಲಿ ಹಳದಿ ಮಾಡಿಬಿಟ್ಟಿತು. ಹಿಡಿದೆಳೆದರೆ ಹುಲ್ಲು ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಕೈಗೆ ಬರುತ್ತಿತ್ತು. ನನಗೆ ಅಳುವೇ ಬಂತು ಅನ್ನಿ.

ಯಾಕೆಂದರೆ ನಮ್ಮ ಬಡಾವಣೆಯ ಕೈತೋಟ ಸ್ಪರ್ಧೆ ನಡೆಯುವುದು ದಸರೆಯಲ್ಲಿ. ಎದುರು ಮನೆ ಸರ್ವಮಂಗಳಮ್ಮ ಎರಡು ವರ್ಷದಿಂದ ಫಲಕ ಗೆದ್ದುಕೊಂಡು, ಅದನ್ನು ನನ್ನ ಅಡುಗೆಮನೆಗೆ ಕಾಣುವ ಹಾಗೆ ಕಿಟಕಿಯಲ್ಲೇ ಇಟ್ಟಿದ್ದಾಳೆ. ಸಾರು ಕುದಿಸುವಾಗಲೂ ಅದೇ, ಪಾತ್ರೆ ತಿಕ್ಕುವಾಗಲೂ ಅದೇ. ಮೂರನೇ ಸಲವೂ ಗೆದ್ದರೆ ಫಲಕ ಶಾಶ್ವತವಾಗಿ ಅವಳದು. ಅಂದರೆ ನಾನು ಸಾಯುವವರೆಗೂ ಅದರ ಮುಖ ನೋಡಿಕೊಂಡೇ ಒಗ್ಗರಣೆ ಹಾಕಬೇಕು!

“ಇದರ ಹೆಸರು ತೃಣಧನ್ವಂತರಿ!” ಎಂದು ಸಿದ್ದರಾಜು ಪರದೆ ಎಳೆದ. ಮಲಗಿದ ಕರುವಿನ ಗಾತ್ರದ ತಗಡಿನ ಡಬ್ಬ. ಅಡಿಯಲ್ಲಿ ಚಕ್ರ, ಬೆನ್ನ ಮೇಲೆ ಬಿಸಿಲು ಕುಡಿಯುವ ಹಲಗೆ, ತಲೆಯ ಮೇಲೆ ಎರಡು ಆಂಟೆನಾ, ಅದರ ಕೆಳಗೆ ಒಂದೇ ಒಂದು ಕಣ್ಣು, ನಾಲ್ಕು ಕೈ.

ಅವನು ರಿಮೋಟ್ ಒತ್ತಿದ. ಯಂತ್ರ ಹಳದಿ ಜಾಗವನ್ನು ದಿಟ್ಟಿಸಿ ನೋಡಿ, ಸಿದ್ದರಾಜುವಿನದೇ ದನಿಯಲ್ಲಿ, “ಹಳದಿ ಕಂಡಿದೆ. ಗಾಬರಿ ಬೇಡ, ವಾಸಿಯಾಗುತ್ತೆ!” ಎಂದಿತು. ಒಂದು ಕೈ ಕೆರೆಯಿತು. ಇನ್ನೊಂದು ಹುಳುಗಳನ್ನು ಎತ್ತಿ ಪಕ್ಕಕ್ಕೆಸೆಯಿತು, ಎಲ್ಲಿದ್ದವೋ ಕಾಗೆಗಳೆಲ್ಲ ಹಾಜರಾದವು. ಮೂರನೆಯದು ಸಿದ್ದರಾಜುವಿನ ಕಷಾಯದಲ್ಲಿ ನೆನೆದ ಬೀಜ ಚೆಲ್ಲಿ ನೀರು ಹನಿಸಿತು. ನಾಲ್ಕನೆಯದು ಮಗುವನ್ನು ಮಲಗಿಸುವ ಹಾಗೆ ಮೆತ್ತಗೆ ತಟ್ಟಿತು. ನನ್ನ ಕಾಫಿ ಇನ್ನೂ ಎರಡು ಗುಟುಕು ಇರುವಾಗಲೇ ಎಳೆಯ ಹುಲ್ಲು ಮೊಳೆತು ನಿಂತಿತ್ತು! ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

“ಎಲ್ಲಿ ಹಳದಿ ಜಾಸ್ತಿಯೋ ಅಲ್ಲಿಗೇ ಮೊದಲು ಹೋಗುತ್ತೆ ಅಕ್ಕ. ತುರ್ತು ರೋಗಿಗೆ ಮೊದಲು ಚಿಕಿತ್ಸೆ!”

“ನಿಲ್ಲಿಸೋ ಗುಂಡಿ ಎಲ್ಲಿದೆಯಪ್ಪ?”

“ರಿಮೋಟ್‌ನಲ್ಲಿ ಮಾತ್ರ. ಅರ್ಧ ಆಪರೇಷನ್ ಮಾಡಿ ಎದ್ದುಹೋಗೋ ಡಾಕ್ಟರನ್ನ ಎಲ್ಲಾದ್ರೂ ನೋಡಿದೀರಾ?”

ಅಷ್ಟರಲ್ಲಿ ಮೋಡ ಕವಿದು ಯಂತ್ರ ತೂಕಡಿಸಿತು. ಉಳಿದದ್ದನ್ನು ನಾಳೆ ಮಾಡಿದರಾಯಿತು, ತೀರ್ಪುಗಾರರು ಬರುವುದು ನಾಳೆ ಸಂಜೆ ತಾನೆ ಎಂದುಕೊಂಡೆವು. ನಾಳೆ ಆಯುಧಪೂಜೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ ನೋಡಿ!

ಬೆಳಿಗ್ಗೆ ಹೊರಗೆ ಬಂದರೆ, ಬೀದಿಯ ಸ್ಕೂಟರು, ಕಾರುಗಳ ಸಾಲಿನಲ್ಲಿ ತೃಣಧನ್ವಂತರಿಯೂ ನಿಂತಿತ್ತು! ಸಿದ್ದರಾಜುವಿನ ತಾಯಿ ಪುಟ್ಟತಾಯಮ್ಮ ಅದರ ಹಣೆಗೆ ಅಂಗೈಯಗಲ ಅರಿಶಿನ ಬಳಿದು, ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದರು.

“ಅಮ್ಮೋರೆ, ಇದು ಇವತ್ತು ನನ್ನ ಹುಲ್ಲು ವಾಸಿ ಮಾಡ್ಬೇಕು!” ಎಂದೆ.

“ಇವತ್ತು ಆಯುಧಕ್ಕೆ ರಜ ಕಣೆ ಜಲಜ. ನಾನು ಈಳಿಗೆಮಣೆನೇ ಎತ್ತಿಟ್ಟಿದೀನಿ, ಇವನ ಡಬ್ಬ ಯಾವ ಮಹಾ?”

“ಅಮ್ಮ, ರಿಮೋಟ್ ಎಲ್ಲಿ?” ಎಂದು ಸಿದ್ದರಾಜು ಓಡಿಬಂದ.

“ದೇವರ ಮುಂದೆ ಇದೆ. ಅರಿಶಿನ ಕುಂಕುಮ ಏರಿಸಿ ಆಯ್ತು. ನಾಳೆ ಮರುಪೂಜೆ ಆಗೋವರೆಗೂ ಮುಟ್ಟಿದ್ರೆ ಜೋಕೆ!”

“ಅದು ದೇವರಲ್ಲಮ್ಮ, ರಿಮೋಟು!”

“ಟೀವೀದನ್ನ ಮೂರು ಹೊತ್ತೂ ಕಣ್ಣಿಗೊತ್ತಿಕೊಳ್ತೀಯಲ್ಲ, ಇದಕ್ಕೇನು ಬಂತು ರೋಗ?” ಎಂದು ಮುದುಕಿ ಒಳಗೆ ಹೋಗಿ ದೇವರಮನೆಯ ಬಾಗಿಲಿಗೆ ಅಡ್ಡವಾಗಿ ಕುಳಿತೇಬಿಟ್ಟರು. ಅರವತ್ತು ದಾಟಿದ ಮಗ ಹೊಸಿಲಾಚೆ ನಿಂತು ಗೋಗರೆಯತೊಡಗಿದ.

ಶರತ್ಕಾಲದ ಬಿಸಿಲು ಚುರುಕಾಯಿತು. ಯಂತ್ರದ ಬೆನ್ನಿನ ಹಲಗೆ ಹೊಟ್ಟೆ ತುಂಬ ಬಿಸಿಲು ಕುಡಿಯಿತು. ಪಟಕ್ಕನೆ ಕಣ್ಣು ಬಿಟ್ಟು, ನಿಂಬೆಹಣ್ಣು ಚಪ್ಪಟೆ ಮಾಡಿಕೊಂಡು ಮುಂದೆ ಬಂತು. ಬೀದಿಯ ಒಂದೊಂದು ಗಾಡಿಯ ಮೇಲೂ ಅರಿಶಿನ!

“ಹಳದಿ ಕಂಡಿದೆ. ಗಾಬರಿ ಬೇಡ, ವಾಸಿಯಾಗುತ್ತೆ!”

ಮೊದಲು ಸಿಕ್ಕಿದ್ದು ನನ್ನ ಸ್ಕೂಟರು. ಸೀಟು ಪರಪರ ಕೆರೆದು, ಒಳಗಿನ ಸ್ಪಂಜು ಕಿತ್ತು, ಬೀಜ ಚೆಲ್ಲಿ, ನೀರು ಹನಿಸಿ ತಟ್ಟಿತು. “ಅಯ್ಯೋ, ಅಲ್ಲಲ್ಲ, ಒಳಗಡೆ ಬಾ, ಹುಲ್ಲು ಇಲ್ಲಿದೆ!” ಎಂದು ನಾನು ಬೊಬ್ಬೆ ಹೊಡೆದೆ. ಅದು ನನ್ನ ಅಂಗಳದ ಕಡೆ ಒಮ್ಮೆ ಕಣ್ಣು ಹಾಯಿಸಿತು. ಗೊಣ್ಣೆಹುಳು ತಿಂದ ಮಾಸಲು ಹಳದಿ ಎಲ್ಲಿ, ಹಬ್ಬದ ಅರಿಶಿನ ಎಲ್ಲಿ! ಸರ್ಕಾರಿ ಆಸ್ಪತ್ರೆಯಲ್ಲಿ ನೆಗಡಿಯವರನ್ನು ಕೂರಿಸುವ ಹಾಗೆ ನನ್ನನ್ನು ಅಲ್ಲೇ ಬಿಟ್ಟು ಮುಂದಿನ ಗಾಡಿಗೆ ಹೋಯಿತು.

ಬಡಾವಣೆ ಸಂಘದ ಕಾರ್ಯದರ್ಶಿಯ ಬೈಕಿನ ಮೇಲೆ ಹುಲ್ಲು ಬಂತು. ದರ್ಜಿಯ ಹೊಲಿಗೆ ಯಂತ್ರ ಬಾಗಿಲಲ್ಲೇ ಇತ್ತು, ಅದಕ್ಕೂ ಬಂತು. ಇಸ್ತ್ರಿಯವನ ಪೆಟ್ಟಿಗೆಯ ತುಂಬ ಗರಿಕೆ! ತಲೆಯ ಮೇಲೆ ಕಾಗೆಗಳ ಮೆರವಣಿಗೆ. ಹುಳು ಸಿಗದ ಸಿಟ್ಟಿಗೆ ಅವು ನೈವೇದ್ಯದ ಕಡಲೆಪುರಿಗೇ ಬಾಯಿ ಹಾಕಿದವು. ಜನ ಅರಿಶಿನ ಒರೆಸಲು ಓಡಿದರು, ಒರೆಸಿದಷ್ಟೂ ಹರಡಿತು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅದು ರಸ್ತೆ ದಾಟಿ ಸರ್ವಮಂಗಳಮ್ಮನ ಗೇಟಿನ ಮುಂದೆ ನಿಂತಿತು. ಅವಳ ಹೆಮ್ಮೆಯೆಂದರೆ ಚೆಂಡುಹೂವಿನ ಮಡಿಗಳು. ಇಷ್ಟು ಹೊತ್ತು ಕಾಂಪೌಂಡಿನ ಮರೆಯಲ್ಲಿದ್ದ ಅಂಗಳದ ತುಂಬ ಹಳದಿಯೋ ಹಳದಿ! ಯಂತ್ರದ ಆಂಟೆನಾಗಳು ನೆಟ್ಟಗಾದವು. ಅಷ್ಟು ದೊಡ್ಡ ರೋಗವನ್ನು ಅದು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ಗಾಬರಿ ಬೇಡ, ಗಾಬರಿ ಬೇಡ, ಗಾಬರಿ ಬೇಡ!” ಎನ್ನುತ್ತ ಒಳಗೆ ನುಗ್ಗಿತು.

“ಜಲಜಾಕ್ಷೀ! ಇದು ನಿನ್ನದೇ ಕಿತಾಪತಿ!” ಎಂದು ಸರ್ವಮಂಗಳಮ್ಮ ಪೊರಕೆ ಹಿಡಿದು ಬಂದಳು.

“ನನ್ನ ಸ್ಕೂಟರ್ ಮೇಲೆ ಹಸು ಮೇಯಿಸಬೋದು, ನಿಮ್ಮದೊಂದೇ ಗೋಳಲ್ಲ ಕಣ್ರೀ!” ಎಂದೆ. ಹೇಳುವಾಗ ಹೊಟ್ಟೆಯೊಳಗೆ ಒಂದು ಸಣ್ಣ ಸಂತೋಷ ಮಿಸುಕಾಡಿತು, ಸುಳ್ಳು ಯಾಕೆ ಹೇಳಲಿ!

ಆದರೆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಚೆಂಡುಹೂವು ಹೋದಲ್ಲಿ ಜಮಖಾನದಂಥ ಹಸಿರು ಹುಲ್ಲು ಎದ್ದಿತ್ತು. ಬಡಾವಣೆಯಲ್ಲೇ ಅಂಥ ಹುಲ್ಲಿಲ್ಲ! ಬೀದಿಯ ಕೊನೆಯಲ್ಲಿ ತೀರ್ಪುಗಾರರಾದ ಪ್ರೊಫೆಸರ್ ವೃಷಭೇಂದ್ರಯ್ಯನವರ ಜರಿ ಪೇಟ ಬೇರೆ ಕಂಡಿತು. ನನ್ನ ಯಂತ್ರ, ನನ್ನ ಕಾಫಿ, ಫಲಕ ಮಾತ್ರ ಮೂರನೇ ಸಲ ಅವಳಿಗೆ! ನನಗೆ ಉರಿದುಹೋಯಿತು.

ಆಗ ಬುದ್ಧಿ ಹೊಳೆಯಿತು. ಅಡುಗೆಮನೆಗೆ ಓಡಿ, ಅರಿಶಿನದ ಡಬ್ಬವನ್ನೇ ಬಕೆಟ್ಟಿಗೆ ಸುರಿದು ಕದಡಿ, ನನ್ನ ಅಂಗಳದ ಒಣಗಿದ ಜಾಗಕ್ಕೆಲ್ಲ ಎರಚಿದೆ. “ಬಾರೋ ನನ್ನಪ್ಪ! ಇಲ್ಲಿ ನೋಡು, ಸಾಯೋ ಹಾಗಾಗಿದೆ!”

ಯಂತ್ರ ಗಕ್ಕನೆ ತಿರುಗಿತು. ರಸ್ತೆ ದಾಟಿ ಬಂದು ಕೆರೆಯಿತು, ಬಿತ್ತಿತು, ಹನಿಸಿತು, ತಟ್ಟಿತು. ಕಾಗೆಗಳಿಗೆ ಕೊನೆಗೂ ಗೊಣ್ಣೆಹುಳುವಿನ ಹಬ್ಬದೂಟ ಸಿಕ್ಕಿತು. ನನ್ನ ಅಂಗಳ ಮೂಲೆಯಿಂದ ಮೂಲೆಗೆ ಹಸಿರಾಯಿತು. ನಾನು ಅದರ ತಗಡಿನ ಬೆನ್ನು ನೇವರಿಸಿ ಕಣ್ಣೊರೆಸಿಕೊಂಡೆ.

“ಪೂಜೆ ಆದ ಆಯುಧ ಬೀದಿ ಸುತ್ತೋದೇನೋ ಸಿದ್ದ! ದೃಷ್ಟಿ ತಾಗಿದೆ, ಆರತಿ ಎತ್ತಬೇಕು!” ಎಂದು ಪುಟ್ಟತಾಯಮ್ಮ ಹುಣಸೆಹಣ್ಣಲ್ಲಿ ಫಳಫಳ ಬೆಳಗಿದ ಹಿತ್ತಾಳೆ ತಟ್ಟೆ ಹಿಡಿದು ಬಂದರು. ತಟ್ಟೆಯನ್ನು ಯಂತ್ರದ ಮುಖಕ್ಕೆ ನೇರ ಹಿಡಿದರು. ಕನ್ನಡಿಯಂಥ ತಟ್ಟೆಯಲ್ಲಿ ಯಂತ್ರ ಮೊದಲ ಸಲ ತನ್ನ ಹಣೆ ನೋಡಿಕೊಂಡಿತು. ಅಂಗೈಯಗಲ ಅರಿಶಿನ!

ಅದು ತನ್ನ ಒಂಟಿ ಕಣ್ಣನ್ನು ತಟ್ಟೆಯ ಹತ್ತಿರಕ್ಕೆ ಒಯ್ದಿತು. ಆಮೇಲೆ ತುಂಬ ಮೆತ್ತಗೆ, “ಹಳದಿ ಕಂಡಿದೆ. ಗಾಬರಿ ಬೇಡ...” ಎಂದಿತು.

“ಬೇಡ! ಅಮ್ಮ, ತಟ್ಟೆ ತೆಗಿ!” ಎಂದು ಸಿದ್ದರಾಜು ಕೂಗಿಕೊಂಡ. ಆಗಲೇ ಒಂದು ಕೈ ತನ್ನದೇ ಹಣೆ ಕೆರೆಯಿತು, ಇನ್ನೊಂದು ವೈರುಗಳನ್ನು ಹುಳುವಿನ ಹಾಗೆ ಎತ್ತಿ ಎಸೆಯಿತು. ಮೂರನೆಯದು ಉಳಿದ ಬೀಜವನ್ನೆಲ್ಲ ತನ್ನ ಮೈಮೇಲೇ ಸುರಿದುಕೊಂಡಿತು. ನಾಲ್ಕನೆಯದು ತಟ್ಟುತ್ತ ತಟ್ಟುತ್ತ ಹಾಗೇ ನಿಂತಿತು. ನಾಲ್ಕೂ ಕೈ ಮಡಚಿ ಅಂಗಳದ ನಡುವೆ ಕುಸಿದು ಕೂತ ಅದರ ಮೇಲೆ ಹುಲ್ಲು ಸರಸರ ಎದ್ದಿತು. ಸಿದ್ದರಾಜು ಅದರ ಪಕ್ಕದಲ್ಲೇ ನೆಲಕ್ಕೆ ಕೂತು ಮುಖ ಮುಚ್ಚಿಕೊಂಡ. ಪಾಪ ಅನ್ನಿಸಿತು ನನಗೂ.

ಅಷ್ಟರಲ್ಲಿ ವೃಷಭೇಂದ್ರಯ್ಯನವರು ಗೇಟು ತೆಗೆದು ಒಳಗೆ ಬಂದರು. ಒಮ್ಮೆ ಕಂಡವರೇ ಚಪ್ಪಲಿ ಬಿಟ್ಟು ಕೈಮುಗಿದರು.

“ಏನಮ್ಮಾ ಇದು! ಹುಲ್ಲಿನಲ್ಲಿ ನಂದಿ! ಆ ಕೊಂಬು, ಆ ಮಡಚಿದ ಕಾಲು! ಪಕ್ಕದಲ್ಲಿ ಧ್ಯಾನಕ್ಕೆ ಕೂತ ಭಕ್ತರು ಬೇರೆ!”

ನಾನು ಇಲ್ಲ ಅನ್ನಲಿಲ್ಲ. ಹಿರಿಯರ ಮಾತಿಗೆ ಎದುರಾಡುವ ಅಭ್ಯಾಸ ನನಗಿಲ್ಲ.

ಫಲಕ ಈಗ ನನ್ನ ಕಿಟಕಿಯಲ್ಲಿದೆ, ಸರ್ವಮಂಗಳಮ್ಮನ ಅಡುಗೆಮನೆಗೆ ಚೆನ್ನಾಗಿ ಕಾಣುತ್ತದೆ. ಯಂತ್ರ ಬಿಚ್ಚಿ ರಿಪೇರಿ ಮಾಡುತ್ತೇನೆಂದರೆ ಸಿದ್ದರಾಜುವನ್ನು ಅವನ ತಾಯಿಯೇ ಬಿಡುವುದಿಲ್ಲ. ಸೋಮವಾರ ಬಂದರೆ ಬೀದಿಯ ಹೆಂಗಸರೆಲ್ಲ ಪ್ರದಕ್ಷಿಣೆಗೆ ಬರುತ್ತಾರೆ. ಕೈ ಕೆಟ್ಟರೂ ಅದರ ಕಣ್ಣು, ದನಿ ಕೆಟ್ಟಿಲ್ಲ, ಯಾರಾದರೂ ಹಳದಿ ಸೀರೆ ಉಟ್ಟು ಬಂದರೆ ಹುಲ್ಲಿನೊಳಗಿಂದ, “ಗಾಬರಿ ಬೇಡ, ವಾಸಿಯಾಗುತ್ತೆ” ಎಂದು ಅಪ್ಪಣೆಯಾಗುತ್ತದೆ. ಸರ್ವಮಂಗಳಮ್ಮ ಮಂಡಿನೋವಿಗೆಂದು ಹಳದಿ ಸೀರೆಯನ್ನೇ ಕೊಂಡಿದ್ದಾಳೆ!

ನನ್ನ ಪಾಡು ಕೇಳುತ್ತೀರಾ? ಹುಲ್ಲು ವಾಸಿ ಮಾಡಲು ತಂದ ಯಂತ್ರ ಒಣಗಿಹೋಗಬಾರದಲ್ಲ, ದಿನಾ ಬೆಳಿಗ್ಗೆ ಎದ್ದು ಅದಕ್ಕೆ ನಾನೇ ನೀರು ಹಾಕುತ್ತಿದ್ದೇನೆ.