ಕುಲುಮೆಗೆ ಗಾಲಿ ಕಟ್ಟಿದ್ದು

ಕನಸು ಕಾಣುವ ಮನುಷ್ಯನ ಕೈಗೆ ಉಳಿ, ಬಾಚಿ ಸಿಗಬಾರದು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ಇಳಕಲ್ಲಿನ ನಮ್ಮ ಓಣಿಯಲ್ಲಿ ಒಡಕು ಪಾತ್ರೆಗಳಿಗೆ ಬೆಸುಗೆ ಹಾಕುವುದು ನನ್ನ ಕಸುಬು. ಮನೆಯ ಪಡಸಾಲೆಯೇ ಕಾರ್ಖಾನೆ. ಹೊಗೆ ತಾಳಲಾರದೆ ಹೆಂಡತಿ ನೀಲವ್ವ ಬೆಂಕಿಯ ಕೆಲಸವನ್ನೆಲ್ಲ ಅಂಗಳದ ಬೇವಿನ ಮರದಡಿಗೆ ಅಟ್ಟಿದ್ದಳು. ದಿನವೂ ಬೆಳಿಗ್ಗೆ ಅಗ್ಗಿಷ್ಟಿಗೆ, ಗಾಳಿಯೂದುವ ತಿದಿ, ಪಾತ್ರೆ ಇಟ್ಟು ಬಡಿಯುವ ಅಡಿಗಲ್ಲು ಹೊತ್ತು ಹೊರಗೆ; ಸಂಜೆ ಮತ್ತೆ ಒಳಗೆ. ಹೀಗಿರುವಾಗ ಬಾಗಲಕೋಟೆಯ ರೈಲು ಸ್ಟೇಷನ್ನಿನಲ್ಲಿ ಹಮಾಲನೊಬ್ಬ ಮೂಟೆಗಳ ರಾಶಿಯನ್ನು ಕೈಗಾಡಿಯಲ್ಲಿ ಹಗುರವಾಗಿ ತಳ್ಳಿಕೊಂಡು ಹೋದದ್ದನ್ನು ಕಂಡೆ. ಊರಿಗೆ ಮರಳುವಾಗ ಚಕ್ಕಡಿಯಲ್ಲಿ ಅಂಗಾತ ಮಲಗಿ, ಮೋಡ ನೋಡುತ್ತ, ನನ್ನ ಕುಲುಮೆಗೂ ಗಾಲಿ ಕಟ್ಟಿದೆ. ಹುನಗುಂದ ದಾಟುವಷ್ಟರಲ್ಲಿ ಅದು ತಾನಾಗಿಯೇ ಉರುಳಿಕೊಂಡು ಬಾದಾಮಿಯ ಸಂತೆ ಮುಟ್ಟಿತ್ತು. ನಾನು ಹಿಂದೆ ಎಲೆಯಡಿಕೆ ಮೆಲ್ಲುತ್ತ ನಡೆಯುತ್ತಿದ್ದೆ.

ಕನಸಿನ ಗಾಡಿಗೆ ಅರ್ಧ ದಿನ ಸಾಕಾಯಿತು. ಕಟ್ಟಿಗೆಯ ಗಾಡಿಗೆ ಎರಡು ತಿಂಗಳು ಬೇಕಾಯಿತು. ನೆರೆಯ ನೇಕಾರರ ಮುರಿದ ಮಗ್ಗದ ಹಲಗೆ, ನಾನೇ ಕೆತ್ತಿದ ಜಾಲಿ ಮರದ ಗಾಲಿಗಳು. ಗಾಲಿ ದುಂಡಗಿದ್ದವೆಂದು ನಾನಂತೂ ಆಣೆ ಮಾಡಲಾರೆ. ಅಷ್ಟರಲ್ಲಿ ನೀಲವ್ವನ ತವರಿನ ತಾಮ್ರದ ಕೊಡ ಸೋರತೊಡಗಿತು.

“ಮಂದಿ ಕೊಡಕ್ಕೆಲ್ಲಾ ಬೆಸಿಗಿ ಹಾಕ್ತೀರಿ, ನಮ್ಮದರ ಪಾಳಿ ಯಾವಾಗ್ರಿ?” ಎಂದಳು.

“ಗಾಡಿ ಮುಗೀಲಿ. ಮೊದಲ್ನೇ ಬೆಸಿಗಿ ನಿಂದ.”

“ಗುಳೇದಗುಡ್ಡದಿಂದ ಅವ್ವ ಬರಾಕತ್ತಾಳ. ಆ ಕೊಡದ ನೀರ ಆಕಿ ಕಾಲಿಗೆ ಕೊಡಬೇಕ್ರಿ. ಅದು ಮೂಲ್ಯಾಗ ಬಿದ್ದಿದ್ದು ಕಂಡ್ರ, ಮಗಳು ಹೆಂಗ ಬಾಳ್ವಿ ಮಾಡಾಕತ್ತಾಳೋ ಅಂತ ಮರುಗತಾಳ.”

ಆಕೆ ಜಗಳಕ್ಕೆ ಬಂದಿದ್ದರೆ ಉತ್ತರ ಇತ್ತು. ಮೆಲ್ಲಗೆ ಹೇಳಿದ್ದರಿಂದ ನನಗೆ ನಾಚಿಕೆಯಾಯಿತು.

ಅತ್ತೆ ಬರುವ ದಿನವೇ ಗಾಡಿ ಮುಗಿಯಿತು. ಅಗ್ಗಿಷ್ಟಿಗೆ, ಅಡಿಗಲ್ಲು ಎಲ್ಲ ಅದರ ಮೇಲೇರಿಸಿ ಮರದಡಿಗೆ ತಳ್ಳಿ, ಬೆಂಕಿ ಮಾಡಿ, ಕೊಡವನ್ನು ಅಡಿಗಲ್ಲಿಗೆ ಒರಗಿಸಿ ಒಂದು ಪೆಟ್ಟು ಹಾಕಿದೆ. ಗಾಡಿ ಒಂದು ಗೇಣು ಹಿಂದೆ ಸರಿಯಿತು. ನಾನೂ ಸರಿದೆ. ಇನ್ನೊಂದು ಪೆಟ್ಟಿಗೆ ಇನ್ನೊಂದು ಗೇಣು. ಬೆಸುಗೆ ಆರುವ ತನಕ ಕೊಡ ಅಲುಗಬಾರದು. ನನ್ನದೋ ಇಳಿಜಾರಿನತ್ತ ಹೊರಟಿತ್ತು. ಎರಡು ಸಲ ಬೆಸುಗೆ ಬಿರಿಯಿತು. ಗಾಲಿಗೆ ಕಲ್ಲು ಕೊಡುವುದು ಹೊಳೆಯಲಿಲ್ಲವೇ ಎಂದು ಕೇಳಬೇಡಿ. ನನ್ನ ಕನಸಿನಲ್ಲಿ ಗಾಡಿ ಓಡುತ್ತಿತ್ತೇ ಹೊರತು ಎಲ್ಲಿಯೂ ನಿಲ್ಲುತ್ತಿರಲಿಲ್ಲ.

ಸುತ್ತಿಗೆ ಹಿಡಿದು ಗಾಡಿಯ ಬೆನ್ನುಹತ್ತಿ ತಲಬಾಗಿಲ ತನಕ ಬಂದಾಗ ಎದುರಿಗೆ ಅತ್ತೆ ನಿಂತಿದ್ದರು.

“ಅಳ್ಯಾರ, ಯಾವೂರಿಗೆ ಹೊಂಟೀರಿ?”

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ಕೊಡವನ್ನು ಗುರುತಿಸಿದರು, ಮಗಳ ಮುಖ ನೋಡಿದರು, ಗಂಟು ಕೆಳಗಿಟ್ಟರು. ಸೆರಗು ಹೊದ್ದು, ಬೆಂಕಿಗೆ ಬೆನ್ನು ಮಾಡಿ, ಹಲಗೆಯ ತುದಿಯಲ್ಲಿ ಗಟ್ಟಿಯಾಗಿ ಕುಳಿತರು. ಗಾಡಿ ಒಮ್ಮೆ ನರಳಿ ಸುಮ್ಮನಾಯಿತು.

“ಈಗ ಹಾಕ್ರಿ.”

ಬೆಸುಗೆ ಕೂತಿತು. ನೀಲವ್ವ ನೀರು ತುಂಬಿ ಎತ್ತಿ ಹಿಡಿದಳು. ಒಂದು ಹನಿಯೂ ಬೀಳಲಿಲ್ಲ. ಅದೇ ನೀರನ್ನು ಅವ್ವನ ಕಾಲಿಗೆ ಹಾಕುವಾಗ ಆಕೆ ನಗುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು. ಕೇಳಿದವರಿಗೆ ಹೊಗೆ ಎಂದೆ.

ಗಾಡಿ ಈಗಲೂ ಬೇವಿನ ಮರದಡಿ ಇದೆ, ಗಾಲಿಗಳು ಅರ್ಧ ಮಣ್ಣಿನಲ್ಲಿ ಹೂತಿವೆ. ಓಣಿಯ ಹೆಂಗಸರು ಅದರ ಮೇಲೆ ಕುಳಿತು ಹರಟುತ್ತಾರೆ. “ಅವ್ವಗ ಕುಂದ್ರಾಕ ಅಂತ ನಮ್ಮವರು ಎರಡು ತಿಂಗಳ ಕಷ್ಟಪಟ್ಟು ಮಾಡ್ಯಾರ” ಎಂದು ನೀಲವ್ವ ಎಲ್ಲರಿಗೂ ಹೇಳುತ್ತಾಳೆ. ನಾನು ಅಡಿಗಲ್ಲು ಹೊತ್ತುಕೊಂಡು ಪಕ್ಕದಲ್ಲೇ ಹಾಯುತ್ತ, ಹೌದೆಂದು ತಲೆಯಾಡಿಸುತ್ತೇನೆ.