ನಾಗನೂರ ಬಿಡಲಾರದ ಬದನಿಕೆ

ಇಂದ:
ಶಿದ್ಲಿಂಗಪ್ಪ, ಗ್ರಾಮಸೇವಕ,
ಮುಕ್ಕಾಂ ನಾಗನೂರ, ರಾಚಪ್ಪನವರ ಮನೆ.

ಗೆ:
ಬ್ಲಾಕ್ ಅಭಿವೃದ್ಧಿ ಅಧಿಕಾರಿ ಸಾಹೇಬರು, ಗೋಕಾಕ.

ವಿಷಯ: ಹತ್ತರಗಿಗೆ ಆದ ವರ್ಗಾವಣೆ ರದ್ದುಪಡಿಸುವ ಕುರಿತು.
ಉಲ್ಲೇಖ: ಅದೇ ವರ್ಗಾವಣೆ ಬೇಕೆಂದು ಇದೇ ಅರ್ಜಿದಾರ ಹಿಂದೆ ಗೋಗರೆದು ಬರೆದ ಅರ್ಜಿ.

ಮಾನ್ಯರೇ,

೧. ಸದರಿ ಅರ್ಜಿದಾರನು ಇಲಾಖೆಯ ಅಪ್ಪಣೆಯಂತೆ ಗುಡಿಯ ಕಟ್ಟೆಯ ಮೇಲೆ ನಿಂತು, ಜೀವಿಗಳು ಒಂದರೊಡನೊಂದು ಬಾಳುವ ಬಗೆಗಳನ್ನು ವಿವರಿಸಿದನು. ಜೇನಿಗೂ ಹೂವಿಗೂ ಪರಸ್ಪರ ಲಾಭ. ಗೂಡು ಕಟ್ಟಿದ ಹಕ್ಕಿಗೆ ಲಾಭ, ಮರಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮಾವಿಗೆ ಹತ್ತಿದ ಬದನಿಕೆಗೆ ಮಾತ್ರ ಲಾಭ, ಮಾವು ಸೊರಗುತ್ತದೆ.

೨. ಆಗ ನೆರೆಮನೆಯ ಕಲ್ಲಪ್ಪನೆಂಬವನು ಎದ್ದು, “ಸಾಹೇಬ್ರ, ನೀವು ರಾಚಪ್ಪಣ್ಣನ ಮನ್ಯಾಗ ಉಂಡು ಮಲಗತೀರಲ್ಲ, ಅದು ಇದರಾಗ ಯಾವುದ್ರಿ?” ಎಂದು ಕೇಳಿದನು. ಊರೆಲ್ಲ ನಕ್ಕಿತು. ರಾಚಪ್ಪನವರು ನಗಲಿಲ್ಲ. ಅರ್ಜಿದಾರನು ಭಾಷಣದ ಹಾಳೆ ಮಡಚಿಕೊಂಡು ಕಟ್ಟೆಯಿಂದ ಇಳಿದನು.

೩. ಕಾರಣ, ಮನೆಗೆ ತನ್ನಿಂದಲೂ ಲಾಭವಾಗಲೆಂದು ಮರುದಿನ ಎಮ್ಮೆ ಹಿಂಡಲು ಕುಳಿತನು. ಎಮ್ಮೆ ಒದೆಯಿತು. ಹಾಲು ಚೆಲ್ಲಿತು. ರಾಚಪ್ಪನವರ ಹೆಂಡತಿ ಯಲ್ಲವ್ವನವರು ಅಡುಗೆ ಬಿಟ್ಟು ಬಂದು ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಬೇಕಾಯಿತು. ಆದ್ದರಿಂದ ಬದನಿಕೆಯ ವರ್ಗದಲ್ಲಿ ಅರ್ಜಿದಾರನ ಸ್ಥಾನ ಕಾಯಂ ಆಯಿತು.

೪. ನಾಚಿಕೆಯಿಂದ ಅವನು ಉಲ್ಲೇಖಿತ ಅರ್ಜಿ ಬರೆದನು. ತಾವು ದೊಡ್ಡ ಮನಸ್ಸು ಮಾಡಿ ಹುಕ್ಕೇರಿ ತಾಲೂಕಿನ ಹತ್ತರಗಿಗೆ ಹಾಕಿಸಿದಿರಿ. ಹಾಸಿಗೆ ಸುತ್ತುತ್ತಿದ್ದುದನ್ನು ಕಂಡ ರಾಚಪ್ಪನವರು ಕೊಟ್ಟಿಗೆಯ ಕಡೆ ನಡೆದರು. ಯಲ್ಲವ್ವನವರು ಮಾತ್ರ ಬಾಗಿಲಲ್ಲಿ ನಿಂತು ಹೀಗೆಂದರು:

“ನಮ್ಮ ಸೋಮಪ್ಪ ಜ್ವರಾ ಬಂದು ಹ್ವಾದಾಗಿಂದ ಇವರು ತಾಟಿನ ಮುಂದ ಕುಂತು ಹಂಗ ಎದ್ದು ಹೋಗತಿದ್ದರ್ರಿ. ನೀವು ಬಂದ ಮ್ಯಾಲ ನಿಮ್ಮ ಜೋಡಿ ಮಾತಾಡಕೋತ ರೊಟ್ಟಿ ತಿನ್ನಾಕತ್ತಾರ. ನೀವು ಹೋದ್ರ ಇವರ ಬಾಜೂ ಯಾರು ಕುಂದರಬೇಕ್ರಿ?”

೫. ಸೋಮಪ್ಪ ಅವರ ಒಬ್ಬನೇ ಮಗ. ಅವನ ಕೋಣೆಯಲ್ಲೇ ಅರ್ಜಿದಾರ ಮಲಗುತ್ತಿದ್ದನು. ತಾನು ಎಷ್ಟು ತಡವಾಗಿ ಬಂದರೂ ರಾಚಪ್ಪನವರು ಉಣ್ಣದೆ ಕಾಯುತ್ತಿದ್ದುದನ್ನು ಆ ಮನೆಯ ಶಿಸ್ತೆಂದು ತಿಳಿದು, ಒಳಗೊಳಗೇ ಬೇಸರ ಕೂಡ ಪಟ್ಟಿದ್ದನು. ಜೀವಸಂಬಂಧಗಳ ಬಗ್ಗೆ ಊರಿಗೆ ಭಾಷಣ ಮಾಡಿದ ಜಾಣ ಇವನೇ ಎಂಬುದನ್ನು ತಾವು ಗಮನಿಸಬೇಕು. ಅವನು ಹಾಸಿಗೆ ಬಿಚ್ಚಿ, ಕೊಟ್ಟಿಗೆಗೆ ಹೋಗಿ, ಹಸಿವಾಗಿದೆ ಎಂದನು. ರಾಚಪ್ಪನವರು ಕೈ ತೊಳೆದುಕೊಂಡು ಬಂದರು.

ಆದ್ದರಿಂದ ವರ್ಗಾವಣೆಯನ್ನು ರದ್ದು ಮಾಡಿ, ಅರ್ಜಿದಾರನನ್ನು ಇದ್ದಲ್ಲೇ ಇರಗೊಡಬೇಕೆಂದು ವಿನಂತಿ.

ನಾಗನೂರಿನಲ್ಲೇ ಸಿಗುವ ತಮ್ಮ ವಿಶ್ವಾಸಿ,
ಶಿದ್ಲಿಂಗಪ್ಪ

ಅಡಕ:
ಅ) ವರ್ಗಾವಣೆ ಆದೇಶ, ಮಡಿಕೆ ಬಿಚ್ಚಿ ಮತ್ತೆ ಮಡಚಿದ್ದು.
ಆ) ಭಾಷಣದ ಪ್ರತಿ, ತಿದ್ದುಪಡಿಗಾಗಿ.

ವಿ.ಸೂ.: ಸಾಹೇಬರು ಖುದ್ದಾಗಿ ವಿಚಾರಣೆಗೆ ಬರುವುದಾದರೆ ದಯಮಾಡಿ ಊಟದ ಹೊತ್ತಿಗೇ ಬರಬೇಕು. ತಾವೂ ಬಾಜೂ ಕುಳಿತರೆ ರಾಚಪ್ಪನವರು ಇನ್ನೊಂದು ರೊಟ್ಟಿ ತಿಂದಾರು.